ನಾಲ್ಕು ಸೆಕೆಂಡು, ಹತ್ತು ಬೆರಳು

ಸಭೆಗೆ ಬಂದಿರುವ ಎಲ್ಲ ಹಿರಿಯರಿಗೆ, ನಮ್ಮ ಭಾಷಾ ಕೇಂದ್ರದ ನಿರ್ದೇಶಕರಿಗೆ, ಅಧ್ಯಾಪಕ ಮಿತ್ರರಿಗೆ, ಹಳೆಯ ಮತ್ತು ಹೊಸ ವಿದ್ಯಾರ್ಥಿಗಳಿಗೆ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಭಾವನವರೇ, ಅಕ್ಕನ ಮಗಳೇ — ನಿಮಗೆ ಏನು ಹೇಳಲಿ? ಕೈ ಮುಗಿಯುತ್ತೇನೆ, ಅಷ್ಟೆ. ಈ ಮೇಜಿನ ಮೇಲೆ ತೆರೆದಿಟ್ಟಿರುವ ಲ್ಯಾಪ್‌ಟಾಪಿನಲ್ಲಿ, ಸಮುದ್ರದಾಚೆಯಿಂದ ನಮ್ಮನ್ನು ನೋಡುತ್ತಿರುವ ನರ್ಸ್ ತಂಗಿಗೂ ನಮಸ್ಕಾರ. ದನಿ ಕೇಳಿಸ್ತಾ ಇದೆಯೇನಮ್ಮ? — ಸರಿ, ಕೈ ಎತ್ತಿದಳು. ಕೇಳಿಸುತ್ತಿದೆ.

ನನ್ನನ್ನು ಗೊತ್ತಿಲ್ಲದವರಿಗೆ ಒಂದು ಮಾತು. ನಾನು ಮೇಷ್ಟ್ರಲ್ಲ. ಮೇಲಿನ ಮಹಡಿಯಲ್ಲಿ ಭಾಷೆ ಕಲಿಸುವ ಇಪ್ಪತ್ತನಾಲ್ಕು ಕಂಪ್ಯೂಟರುಗಳಿವೆಯಲ್ಲ, ಅವನ್ನು ನೋಡಿಕೊಳ್ಳುವವನು. ಹೆಡ್‌ಫೋನ್ ಕೆಟ್ಟರೆ, ಇಂಟರ್ನೆಟ್ ಹೋದರೆ, ಮೈಕ್ ಕಿರ್ ಅಂದರೆ ಬೈಸಿಕೊಳ್ಳುವವನು. ನಾವು ಕಳೆದುಕೊಂಡ ಜರ್ಮನ್ ಮೇಡಂ ಇದ್ದಾರಲ್ಲ — ಇದ್ದರಲ್ಲ — ಅವರ ಜೊತೆ ಒಂಬತ್ತು ವರ್ಷ ಅದೇ ಮಹಡಿಯಲ್ಲಿ ಕೆಲಸ ಮಾಡಿದೆ. ನಾನು ಅಕ್ಕ ಅನ್ನುತ್ತಿದ್ದೆ, ಅವರು ತಮ್ಮ ಅನ್ನುತ್ತಿದ್ದರು. ನೀವೆಲ್ಲ ಬೆನ್ನ ಹಿಂದೆ ಹತ್ತೆಣಿಕೆ ಮೇಡಂ ಅನ್ನುತ್ತಿದ್ದಿರಿ. ಅದು ಅವರಿಗೆ ಗೊತ್ತಿತ್ತು ಬಿಡಿ.

ನನ್ನ ಜೇಬಿನಲ್ಲಿ ಒಂದು ಹಾಳೆ ಇದೆ. ನಿರ್ದೇಶಕರು ಓದಿ, ಚೆನ್ನಾಗಿದೆ ಎಂದು ಒಪ್ಪಿದ ಭಾಷಣ. ಅದರಲ್ಲಿ 'ತುಂಬಲಾರದ ನಷ್ಟ' ಎಂದು ಎರಡು ಸಲ ಬರೆದಿದ್ದೇನೆ. ಅದನ್ನು ಓದುವುದಿಲ್ಲ. ಕ್ಷಮಿಸಿ ಸರ್.

ಅಕ್ಕ ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು. ಕೇಳಿ ಹದಿನೆಂಟು ತಿಂಗಳಾಯಿತು. ನಾನು ಉತ್ತರ ಕೊಡಲಿಲ್ಲ. ಇವತ್ತು ಈ ಮೈಕ್ ಬಿಟ್ಟು ಕೆಳಗಿಳಿದರೆ ಇನ್ನು ಯಾವತ್ತೂ ಕೊಡುವುದಿಲ್ಲ, ನನ್ನ ಬಂಡವಾಳ ನನಗೆ ಗೊತ್ತು. ಕೊಟ್ಟ ಮೇಲೆ ನಾಳೆ ನನ್ನ ಕೆಲಸ ಇರುತ್ತದೋ ಇಲ್ಲವೋ, ಈ ಸಭೆಯಲ್ಲಿ ಕೆಲವರು ನನ್ನ ಮುಖ ನೋಡುತ್ತಾರೋ ಇಲ್ಲವೋ — ಅದು ಗೊತ್ತಿಲ್ಲ. 

ಹತ್ತೆಣಿಕೆ ಅಂದರೆ ಏನು ಎಂದು ಅಕ್ಕನ ನೆಂಟರಿಷ್ಟರಿಗೆ ಗೊತ್ತಿಲ್ಲದಿರಬಹುದು. ತರಗತಿಯಲ್ಲಿ ಯಾರನ್ನಾದರೂ ಪ್ರಶ್ನೆ ಕೇಳಿದರೆ ಅಕ್ಕ ಎರಡೂ ಕೈ ಎದೆಯ ಮುಂದೆ ಹಿಡಿಯುತ್ತಿದ್ದರು — ಹೀಗೆ. ಆಮೇಲೆ ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಮಡಚುವುದು. ನಿಧಾನಕ್ಕೆ. ಹತ್ತೂ ಮಡಚುವ ತನಕ ಯಾರೂ ಪಿಟಕ್ಕನ್ನುವಂತಿಲ್ಲ. ಪಕ್ಕದವನು ಹೇಳಿಕೊಡುವಂತಿಲ್ಲ. "ಮಾತು ಹೊರಟಿದೆ ಕಣ್ರಪ್ಪ, ದಾರೀಲಿದೆ. ನೀವ್ಯಾಕೆ ಅಡ್ಡ ಹೋಗ್ತೀರ?" ಅನ್ನುತ್ತಿದ್ದರು. ಏಳನೇ ಬೆರಳಿಗೋ ಎಂಟನೇ ಬೆರಳಿಗೋ, ಇವನು ಈ ಜನ್ಮದಲ್ಲಿ ಜರ್ಮನ್ ಆಡುವುದಿಲ್ಲ ಎಂದು ನಾವೆಲ್ಲ ಕೈಬಿಟ್ಟವನೂ ಬಾಯಿ ಬಿಡುತ್ತಿದ್ದ.

ಏಳು ವರ್ಷದ ಹಿಂದೆ ಮಾತಿನ ಪರೀಕ್ಷೆ ಕಂಪ್ಯೂಟರಿಗೆ ಹೋಯಿತು. ಹೆಡ್‌ಫೋನಿನಲ್ಲಿ ಪ್ರಶ್ನೆ ಬರುತ್ತದೆ. ಮೈಕಿನಲ್ಲಿ ಉತ್ತರ ಹೇಳಬೇಕು. ಅಂಕ ಮೆಷಿನ್ನೇ ಹಾಕುತ್ತದೆ. ನಾಲ್ಕು ಸೆಕೆಂಡು ಸದ್ದಿಲ್ಲದಿದ್ದರೆ — ಟಿಣ್! ಪರದೆಯ ಮೇಲೆ ಕೆಂಪಕ್ಷರ: ಉತ್ತರವಿಲ್ಲ. ಮುಂದಿನ ಪ್ರಶ್ನೆ. ಇಂಥ ಪರೀಕ್ಷೆಗೆ ಕೂರಲು ಒಬ್ಬರಿಗೆ ಮೂರೇ ಅವಕಾಶ. ಪಾಸಾದರೆ ಪ್ರಮಾಣಪತ್ರ, ಅದಿದ್ದರೆ ಹೊರದೇಶದ ಆಸ್ಪತ್ರೆಯೋ ಕಾರ್ಖಾನೆಯೋ ಕರೆಯುತ್ತದೆ. ಇಲ್ಲದಿದ್ದರೆ ಎರಡು ವರ್ಷ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಅಕ್ಕ ಕಂಪ್ಯೂಟರಿನ ಶತ್ರು ಅಂತ ಯಾರೂ ತಿಳಿಯಬೇಡಿ. ಪಾಠದ ದನಿಗಳನ್ನೆಲ್ಲ ಅವರೇ ರೆಕಾರ್ಡ್ ಮಾಡಿಸಿದವರು. ವಿದ್ಯಾರ್ಥಿಗಳು ಮನೆಯಿಂದ ಕಳಿಸಿದ ದನಿಗಳನ್ನು ಒಂದೂ ಬಿಡದೆ ಕೇಳುತ್ತಿದ್ದರು. ಕೇಳಿ ಕೇಳಿ ಹೆಡ್‌ಫೋನಿನ ಸ್ಪಂಜು ಕಿತ್ತು ಬರುತ್ತಿತ್ತು, ನಾನು ಗೊಣಗಿಕೊಂಡು ಹೊಸದು ಹಾಕುತ್ತಿದ್ದೆ. ಅವರ ತಕರಾರು ಆ ನಾಲ್ಕರ ಮೇಲೆ. "ನಾಲ್ಕು ಅಂತ ಯಾವ ಪುಣ್ಯಾತ್ಮ ಇಟ್ಟನೋ, ಅವನನ್ನ ಒಂದು ಸಲ ನನ್ನ ಕ್ಲಾಸಲ್ಲಿ ಕೂರಿಸಬೇಕು" ಅನ್ನುತ್ತಿದ್ದರು. ನಾನು ಪಕ್ಕದಲ್ಲೇ ಇರುತ್ತಿದ್ದೆ. ವೈರು ಸುತ್ತುತ್ತಾ, ಹೂಂ ಅನ್ನುತ್ತಾ.

ಮೆಷಿನ್ ಚಾಪೆ ಕೆಳಗೆ ತೂರಿದರೆ ನಮ್ಮ ವಿದ್ಯಾರ್ಥಿಗಳು ರಂಗೋಲಿ ಕೆಳಗೆ ತೂರುವವರು. ಯೋಚಿಸಲು ಸಮಯ ಬೇಕಾದರೆ ಒಂದು ಕೆಮ್ಮು ಕೆಮ್ಮಿದರೆ ಸಾಕು, ಮಾತೇ ಬಂತು ಅಂತ ಮೆಷಿನ್ ಕಾಯುತ್ತದೆ ಎಂದು ಕಂಡುಹಿಡಿದರು. ಒಂದು ಪರೀಕ್ಷೆಯಲ್ಲಿ ಇಪ್ಪತ್ತನಾಲ್ಕು ಜನವೂ ಕೆಮ್ಮಿದರು. ನಿರ್ದೇಶಕರು ಮೂಗಿಗೆ ಕರವಸ್ತ್ರ ಹಿಡಿದು ಓಡಿಬಂದು, ಕಿಟಕಿ ತೆಗೆಸಿ, ಡಾಕ್ಟರಿಗೆ ಫೋನ್ ಮಾಡಿಸಿದರು. — ನಗಿ, ಪರವಾಗಿಲ್ಲ. ಅಕ್ಕನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ನಕ್ಕು ಮುಗಿದ ಮೇಲೆ ನನ್ನ ಗಾಜಿನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು. "ತಮ್ಮ, ನಾನು ಜರ್ಮನ್ ಕಲಿಸ್ತಾ ಇದೀನೋ ಕೆಮ್ಮೋದು ಕಲಿಸ್ತಾ ಇದೀನೋ? ನಾಳೆ ಅಲ್ಲಿ ಡಾಕ್ಟ್ರು ಏನಾದ್ರೂ ಕೇಳಿದ್ರೆ ನಮ್ಮ ನರ್ಸು ಕೆಮ್ಮಬೇಕಾ?" ಆಗ ಅವರ ಮುಖದಲ್ಲಿ ನಗು ಇರಲಿಲ್ಲ.

ಇನ್ನೊಂದು ಹೇಳುತ್ತೇನೆ. ಗುರುವಾರ ಮಧ್ಯಾಹ್ನ ಇಂಟರ್ನೆಟ್ಟಿನಲ್ಲಿ ಒಬ್ಬ ಅಜ್ಜನನ್ನು ಕರೆದು ಮಾತಾಡಿಸುತ್ತಿದ್ದದ್ದು ನಿಮಗೆ ನೆನಪಿದೆ. ಅಲ್ಲಿಯೇ ಹುಟ್ಟಿ ಬೆಳೆದು, ನಲವತ್ತು ವರ್ಷ ಬೇಕರಿ ನಡೆಸಿ, ಈಗ ಮನೆಯಲ್ಲಿರುವ ಜರ್ಮನ್ ಅಜ್ಜ. ಏನು ಕೇಳಿದರೂ ಒಮ್ಮೆ ಮೇಲೆ ನೋಡಿ, ತುಟಿ ಸವರಿಕೊಂಡು, ಆಮೇಲೆ ಉತ್ತರ ಕೊಡುವ ಮನುಷ್ಯ. ಅಕ್ಕ ಒಂದು ದಿನ ಅವರನ್ನೇ ನಮ್ಮ ಪರೀಕ್ಷೆಗೆ ಕೂರಿಸಿದರು. ನೂರಕ್ಕೆ ನಲವತ್ತೊಂದು! ಹೆತ್ತ ತಾಯಿ ಕಲಿಸಿದ ಭಾಷೆಯಲ್ಲಿ ಅಜ್ಜ ಫೇಲು. ಅಜ್ಜ ಬಿದ್ದು ಬಿದ್ದು ನಕ್ಕರು. ಅಕ್ಕ ಆ ಅಂಕಪಟ್ಟಿಯನ್ನು ಪ್ರಿಂಟ್ ತೆಗೆದು ನಿರ್ದೇಶಕರ ಮೇಜಿನ ಮೇಲಿಟ್ಟರು. ನಿರ್ದೇಶಕರು ನೋಡಿ "ಪಾಪ, ವಯಸ್ಸಾಗಿದೆ" ಅಂದರು. ಸರ್, ನಿಮ್ಮನ್ನು ಹಂಗಿಸುತ್ತಿಲ್ಲ. ನಾನೂ ಬಾಗಿಲಲ್ಲಿ ನಿಂತು ತಲೆ ಆಡಿಸಿದವನೇ.

ಈಗ — ಹೇಳಬೇಕಾದದ್ದು.

ಆ ನಾಲ್ಕನ್ನು ಇಟ್ಟ ಪುಣ್ಯಾತ್ಮ ನಾನು.

ಸಾಫ್ಟ್‌ವೇರ್ ಮಾಡಿದ ಕಂಪನಿಯಲ್ಲ. ನಾನು. ಏಳು ವರ್ಷದ ಹಿಂದೆ ಅದನ್ನು ಹಾಕುವಾಗ ಒಂದು ಪುಟ ತೆರೆಯಿತು: ಮೌನವಾಗಿದ್ದರೆ ಎಷ್ಟು ಸೆಕೆಂಡು ಕಾಯಬೇಕು? ಒಂದು ದಿನದಲ್ಲಿ ಮೂರು ತಂಡದ ಪರೀಕ್ಷೆ ಮುಗಿಯಬೇಕು ಎಂದು ನಿರ್ದೇಶಕರು ಹೇಳಿದ್ದರು, ನಿಜ. ಆದರೆ ನಾಲ್ಕು ಅಂತ ಅವರು ಹೇಳಲಿಲ್ಲ. ಯಾರನ್ನೂ ಕೇಳದೆ, ಊಟದ ಹೊತ್ತಾಗಿತ್ತು, ನಾಲ್ಕು ಅಂತ ಒತ್ತಿ ಎದ್ದುಹೋದೆ. ಏಳು ವರ್ಷ ಈ ಕೇಂದ್ರದಲ್ಲಿ ಎಲ್ಲರೂ ಬೈದ ಆ ಅಂಕಿ ಹುಟ್ಟಿದ್ದು ಹೀಗೆ.

— ದಯವಿಟ್ಟು ಕೂತಿರಿ. ಸರ್, ನೀವೂ ಕೂತಿರಿ. ಮುಗಿಸಿಬಿಡುತ್ತೇನೆ.

ಮೊದಲ ವರ್ಷವೇ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಒಬ್ಬರು ಮೂರೂ ಸಲ ಫೇಲಾಗಿದ್ದರು. ಅವರು ಇವತ್ತು ಬಂದಿದ್ದಾರೆ, ಆರನೇ ಸಾಲಿನಲ್ಲಿದ್ದಾರೆ. ಲೇತ್ ಕೆಲಸದ ಅಣ್ಣ. ಹೊರಗಿನ ಕಾರ್ಖಾನೆ ಅವರಿಗಾಗಿ ಜಾಗ ಇಟ್ಟುಕೊಂಡು ಕಾದಿತ್ತು. ಫಲಿತಾಂಶ ಬಂದ ದಿನ ಮೆಟ್ಟಿಲ ಮೇಲೆ ಕೂತು, "ನನಗೆ ಗೊತ್ತಿತ್ತು ಮೇಡಂ, ಬಾಯಿಗೆ ಬರೋದ್ರಲ್ಲಿ ಟಿಣ್ ಅಂತು" ಅನ್ನುತ್ತಿದ್ದರು. ಅದನ್ನು ಕೇಳಿ ನನ್ನ ಬಾಯಿಗೆ ಬೀಗ ಬಿತ್ತು. ನಾನೇ ಇಟ್ಟದ್ದು ಎಂದರೆ ಇವರ ಬದುಕು ಕೆಡಿಸಿದವನು ನಾನೇ ಆಗುತ್ತೇನಲ್ಲ!

ಅಕ್ಕ ಸುಮ್ಮನಿರುವವರಲ್ಲ. ಕಂಪನಿಗೆ ಇ-ಮೇಲ್ ಬರೆದರು — ನಾಲ್ಕನ್ನು ಹತ್ತು ಮಾಡಿಕೊಡಿ ಎಂದು. ಒಂದಲ್ಲ, ಒಂಬತ್ತು ಸಲ. ತಾಂತ್ರಿಕ ವಿಷಯದ ಉತ್ತರಗಳೆಲ್ಲ ಕೇಂದ್ರದ ಒಂದು ವಿಳಾಸಕ್ಕೆ ಬರುತ್ತಿದ್ದವು. ಅದನ್ನು ತೆರೆಯುವವನು ನಾನೊಬ್ಬನೇ. ಮೊದಲ ಪತ್ರಕ್ಕೆ ಮಾರನೇ ದಿನವೇ ಉತ್ತರ ಬಂತು. "ಈ ಅವಧಿಯನ್ನು ನಿಮ್ಮ ಕೇಂದ್ರದಲ್ಲೇ ಬದಲಾಯಿಸಿಕೊಳ್ಳಬಹುದು" — ಒಂದೇ ಸಾಲು. ಅಕ್ಕ ಬಂದು, "ಏನಂದ್ರು ತಮ್ಮ?" ಎಂದು ಕೇಳಿದರು. "ಆಗಲ್ಲ ಅಂದ್ರು ಅಕ್ಕ" ಅಂದೆ. ಒಂಬತ್ತು ಸಲವೂ ಅದನ್ನೇ ಅಂದೆ. ಒಂದು ತಪ್ಪನ್ನು ಮುಚ್ಚಿಡಲು ಒಂಬತ್ತು ಸುಳ್ಳು.

ಲ್ಯಾಪ್‌ಟಾಪಿನಲ್ಲಿರುವ ತಂಗಿ, ಈಗ ನಿನ್ನ ವಿಷಯ.

ಈ ತಂಗಿ ಹದಿನಾಲ್ಕು ವರ್ಷ ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡಿದವಳು. ರೋಗಿ ಏನೇ ಕೇಳಲಿ, ಮೊದಲು ಮುಖ ನೋಡುವುದು, ಆಮೇಲೆ ಮಾತು. ಅದು ಅವಳ ಕೈಗೆ, ಕಣ್ಣಿಗೆ ಹತ್ತಿಹೋದ ಅಭ್ಯಾಸ. ಮೆಷಿನ್ನಿಗೆ ಎಲ್ಲಿಯ ಮುಖ? ಇವಳು ಪರದೆಯಲ್ಲಿ ಮುಖ ಹುಡುಕುವುದರೊಳಗೆ ನಾಲ್ಕು ಸೆಕೆಂಡು ಮುಗಿದಿರುತ್ತಿತ್ತು. ಎರಡು ಸಲ ಫೇಲು. ಕೆಮ್ಮು ಅಂದರೆ ಕೆಮ್ಮಲಿಲ್ಲ. "ರೋಗಿ ಮುಂದೆ ಸುಮ್ಮಸುಮ್ಮನೆ ಕೆಮ್ಮೋದು ತಪ್ಪು ಮೇಡಂ" ಅಂದಳಂತೆ. ಮೂರನೇ ಸಲವೂ ಹೋದರೆ ಆ ತಿಂಗಳ ಕೊನೆಗೆ ಆಸ್ಪತ್ರೆ ಅವಳ ಜಾಗವನ್ನು ಬೇರೆಯವರಿಗೆ ಕೊಡುವುದಿತ್ತು. ಪರೀಕ್ಷೆಯ ಬೆಳಿಗ್ಗೆ ಅಕ್ಕ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದರು. "ಒಂದೇ ಒಂದು ದಿನಕ್ಕೆ, ಏನಾದ್ರೂ ದಾರಿ ಇಲ್ವಾ ತಮ್ಮ?" ನಾನು ಅವರ ಚಪ್ಪಲಿ ನೋಡಿಕೊಂಡು, "ಇಲ್ಲ ಅಕ್ಕ" ಅಂದೆ.

ಹನ್ನೊಂದು ಗಂಟೆಗೆ ಪರೀಕ್ಷೆ ಶುರುವಾಯಿತು. ತಂಗಿ ಹದಿನೇಳನೇ ಕಂಪ್ಯೂಟರು. ಅಕ್ಕ ಅವಳ ಹಿಂದೆ, ಗೋಡೆಗೆ ಒರಗಿ ನಿಂತಿದ್ದರು, ಹತ್ತಿರ ಹೋಗುವಂತಿರಲಿಲ್ಲ. ನಾನು ಗಾಜಿನ ಈ ಕಡೆ. ನನ್ನ ಪರದೆಯಲ್ಲಿ ಇಪ್ಪತ್ತನಾಲ್ಕು ಗೆರೆಗಳು; ಮಾತಾಡಿದವರ ಗೆರೆ ಏಳುತ್ತದೆ, ಸುಮ್ಮನಿದ್ದವರದು ಚಪ್ಪಟೆ. ಮೊದಲ ಪ್ರಶ್ನೆಗೆ ಹದಿನೇಳರ ಗೆರೆ ಎದ್ದಿತು. ಎರಡನೆಯದಕ್ಕೆ — ಚಪ್ಪಟೆ. ಟಿಣ್. ಮೂರಕ್ಕೆ ಎದ್ದಿತು. ನಾಲ್ಕಕ್ಕೆ ಚಪ್ಪಟೆ. ಟಿಣ್. ಇನ್ನೊಂದು ಟಿಣ್ ಆದರೆ ಪಾಸಾಗುವಷ್ಟು ಅಂಕ ಬರುವುದಿಲ್ಲ, ಮುಗಿಯಿತು. ಗಾಜಿನಾಚೆ ಅಕ್ಕನ ಎರಡೂ ಕೈ ಎದೆಯ ಮುಂದೆ ಬಂದಿದ್ದವು. ತಂಗಿ ಅವರಿಗೆ ಬೆನ್ನು ಹಾಕಿ ಕೂತಿದ್ದಾಳೆ, ಅವಳಿಗೆ ಕಾಣುವುದಿಲ್ಲ. ಆದರೂ ಅಕ್ಕ ಬೆರಳು ಮಡಚುತ್ತಿದ್ದರು.

ಆ ಪುಟ ನನ್ನ ಮುಂದೆ ತೆರೆದಿತ್ತು. ಮೂರನೇ ಸಾಲಿನಲ್ಲಿ ನನ್ನ ನಾಲ್ಕು. ಬದಲಾಯಿಸಿದರೆ ಯಾರು, ಯಾವಾಗ ಬದಲಾಯಿಸಿದರು ಎಂಬುದು ದಾಖಲಾಗುತ್ತದೆ, ಅಳಿಸಲು ಬರುವುದಿಲ್ಲ. ಒಂದು ದಿನ ಯಾರಾದರೂ ನೋಡಿದರೆ ಅಷ್ಟು ವರ್ಷದ ಬಣ್ಣ ಬಯಲಾಗುತ್ತದೆ. ಐದನೇ ಪ್ರಶ್ನೆ ಬರುವ ಮೊದಲು ನಾಲ್ಕನ್ನು ಅಳಿಸಿ ಹತ್ತು ಒತ್ತಿದೆ.

ಐದನೇ ಪ್ರಶ್ನೆ: ನಿಮ್ಮ ರೋಗಿ ನೋವು ಅನ್ನುತ್ತಿದ್ದಾರೆ, ನೀವೇನು ಹೇಳುತ್ತೀರಿ? ಗೆರೆ ಚಪ್ಪಟೆ. ಒಂದು. ಎರಡು. ಮೂರು. ನಾಲ್ಕನೇ ಬೆರಳಿಗೆ ಅಕ್ಕ ಕಣ್ಣು ಮುಚ್ಚಿಕೊಂಡರು, ಟಿಣ್ ಕೇಳಲಾರದೆ. ಟಿಣ್ ಬರಲಿಲ್ಲ. ಐದು. ಆರು. ಅಕ್ಕ ಕಣ್ಣು ಬಿಟ್ಟರು. ಏಳು — ಗೆರೆ ಎದ್ದಿತು ನೋಡಿ! ತಂಗಿ ಮಾತಾಡಿದಳು. ಒಂದು ನಿಮಿಷ, ನಿಲ್ಲದೆ, ಆ ಇಲ್ಲದ ರೋಗಿಗೆ ಸಮಾಧಾನ ಹೇಳಿದಳು. ಅಕ್ಕ ಅವಳನ್ನು ನೋಡುತ್ತಿರಲಿಲ್ಲ. ಮಡಚಿದ ಏಳು ಬೆರಳು ಹಾಗೇ ಹಿಡಿದುಕೊಂಡು, ಗಾಜಿನ ಮೂಲಕ ನನ್ನನ್ನು ನೋಡುತ್ತಿದ್ದರು.

ತಂಗಿ ಪಾಸಾದಳು. ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯವನಾಗಿಬಿಡುತ್ತೇನೆ. ನಿಲ್ಲಿಸುವುದಿಲ್ಲ. ಆ ತಂಡ ಹೊರಗೆ ಹೋದ ಕೂಡಲೇ ನಾನು ಹತ್ತನ್ನು ಮತ್ತೆ ನಾಲ್ಕು ಮಾಡಿದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಬೀಗಿಕೊಂಡು ಊಟಕ್ಕೆ ಹೋದೆ.

ಮಾರನೇ ದಿನ ಲ್ಯಾಬಿನಲ್ಲಿ ಇಬ್ಬರೇ ಇದ್ದೆವು. ಅಕ್ಕ ಹೆಡ್‌ಫೋನುಗಳನ್ನು ಒರೆಸಿ ಒರೆಸಿ ಕೊಡುತ್ತಿದ್ದರು, ನಾನು ಮೊಳೆಗೆ ನೇತುಹಾಕುತ್ತಿದ್ದೆ. ಕೈ ನಿಲ್ಲಿಸದೆ ಕೇಳಿದರು. "ತಮ್ಮ, ನಿನ್ನೆ ಆ ಮೆಷಿನ್ನು ಹೇಗೆ ಕಾಯ್ತು?" ಆಮೇಲೆ ಬಟ್ಟೆ ಕೆಳಗಿಟ್ಟು, ಎರಡೂ ಕೈ ಎದೆಯ ಮುಂದೆ ತಂದರು. ನನಗೆ! ಐವತ್ತು ವರ್ಷದ ಗಂಡಸಿಗೆ! ಒಂದೊಂದೇ ಬೆರಳು ಮಡಚಿದರು. ನಾನು ಕೈಯಲ್ಲಿದ್ದ ಹೆಡ್‌ಫೋನಿನ ವೈರು ಸುತ್ತಿದೆ. ಹತ್ತೂ ಮುಗಿಯಿತು. ಅಕ್ಕ ಸಿಟ್ಟಾಗಲಿಲ್ಲ. "ಇರಲಿ ಬಿಡು. ನಾನೇನು ಮೆಷಿನ್ನಾ, ಟಿಣ್ ಅಂದು ಮುಂದಿನ ಪ್ರಶ್ನೆಗೆ ಹೋಗೋಕೆ?" ಅಂದರು. ಮತ್ತೆ ಒರೆಸಲು ಕೂತರು.

ಅವರಿಗೆ ಅರ್ಥವಾಗಿತ್ತು. ಇವತ್ತು ನನಗೆ ಸಂಶಯವೇ ಇಲ್ಲ. ನಿರ್ದೇಶಕರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು, ದಾಖಲೆ ತೆಗೆಸಬಹುದಿತ್ತು. ಹೇಳಲಿಲ್ಲ. ಅದು ಅವರು ಮಾಡಿದ ತಪ್ಪು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು, ಆ ಹದಿನೆಂಟು ತಿಂಗಳಲ್ಲಿ ಫೇಲಾದವರಿಗೆ ಖಂಡಿತ ಅನ್ನಿಸುತ್ತದೆ. ಆದರೆ ಅವರಿಗೆ ಬೇರೆ ಥರ ಬರುತ್ತಿರಲಿಲ್ಲ. ಉತ್ತರ ದಾರಿಯಲ್ಲಿದೆ ಎಂದು ನಂಬಿದರು. ಸಂಜೆ ಹೊರಡುವಾಗ ನನ್ನ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು. ನಾನು ಕೀಬೋರ್ಡ್ ಒರೆಸುತ್ತಿದ್ದೆ. "ನಾಳೆ ಸಿಗ್ತೀನಿ ತಮ್ಮ" ಎಂದು ಹೋಗುತ್ತಿದ್ದರು. ಹೋದ ತಿಂಗಳ ಕೊನೆಯ ಶುಕ್ರವಾರವೂ ಹಾಗೇ ಅಂದರು. ಶನಿವಾರ ಬೆಳಿಗ್ಗೆ ಎದೆನೋವು ಅಂತ ಆಸ್ಪತ್ರೆಗೆ ಹೋದವರು ಬರಲಿಲ್ಲ.

ಅವರು ಹೋದ ಮೇಲೆ ನಾನು ಒಂದು ಕೆಲಸ ಮಾಡಿದೆ. ಟಿಣ್ ಅಂದ ಮೇಲೂ ಮೈಕು ಎರಡು ಸೆಕೆಂಡು ತೆರೆದಿರುತ್ತದೆ, ಆ ದನಿ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಏಳು ವರ್ಷದ್ದನ್ನೂ ಕೂತು ಕೇಳಿದೆ, ಅಕ್ಕನ ಹೆಡ್‌ಫೋನಿನಲ್ಲಿ. 'ಉತ್ತರವಿಲ್ಲ' ಎಂದು ಕೆಂಪಕ್ಷರ ಬಿದ್ದ ಕಡೆಯೆಲ್ಲ — ಉತ್ತರ ಇದೆ. ಒಂದು ಶಬ್ದ, ಒಂದೂವರೆ ಶಬ್ದ, ಶುರುವಾಗಿ ಕತ್ತರಿಸಿಹೋಗಿದೆ. ಲೇತ್ ಅಣ್ಣ, ನಿಮ್ಮ ದನಿಯೂ ಇದೆ. ಸರಿಯಾದ ಶಬ್ದವೇ ಶುರುಮಾಡಿದ್ದಿರಿ. ನಿಮಗೆ ಗೊತ್ತಿತ್ತು. ಕಾಯದವನು ನಾನು. ಹೀಗೆ ಮೂರೂ ಅವಕಾಶ ಕಳೆದುಕೊಂಡವರು ಮೂವತ್ತೊಂದು ಜನ. ಅವರ ಹೆಸರು, ದನಿ, ಕಂಪನಿಯ ಒಂಬತ್ತು ಉತ್ತರ, ನನ್ನ ತಪ್ಪೊಪ್ಪಿಗೆ — ಎಲ್ಲವನ್ನೂ ಇವತ್ತು ಬೆಳಿಗ್ಗೆ ನಿರ್ದೇಶಕರಿಗೂ ಪ್ರತಿಯೊಬ್ಬ ಅಧ್ಯಾಪಕರಿಗೂ ಕಳಿಸಿದ್ದೇನೆ; ಸಭೆಯ ಗಡಿಬಿಡಿಯಲ್ಲಿ ಯಾರೂ ಇನ್ನೂ ತೆರೆದಿರಲಿಕ್ಕಿಲ್ಲ. ಆ ಮೂವತ್ತೊಂದು ಜನರಿಗೆ ಇನ್ನೊಂದು ಅವಕಾಶ ಕೊಡಿ ಸರ್. ನನ್ನನ್ನು ಏನು ಮಾಡಬೇಕೋ ಮಾಡಿ. ಸೋಮವಾರದ ಪರೀಕ್ಷೆಗೆ ಆ ಮೂರನೇ ಸಾಲಿನಲ್ಲಿ ಹತ್ತು ಇದೆ. ಕೆಳಗೆ ನನ್ನ ಹೆಸರಿದೆ.

ಅಕ್ಕ — ಫೋಟೋದಲ್ಲಿ ನಗುತ್ತಾ ಇದ್ದೀರಿ. ಉತ್ತರ ಹೇಳಿಬಿಡುತ್ತೇನೆ. ಆ ನಾಲ್ಕು ನಂದು. ಹತ್ತು ಒತ್ತಿದ್ದೂ ನಾನೇ. ಮತ್ತೆ ನಾಲ್ಕು ಮಾಡಿದ್ದೂ ನಾನೇ. ಹೆದರಿಕೆಯಾಗಿತ್ತು ಅಕ್ಕ. ಅಷ್ಟೇ ಉತ್ತರ. ಇಷ್ಟು ಹೇಳಲು ನಿಮ್ಮ ಹತ್ತು ಬೆರಳು ಸಾಲಲಿಲ್ಲ ನನಗೆ.

ಬಂಧುಗಳೇ, ನನ್ನ ಮಾತು ಮುಗಿಯಿತು. ಈಗ ಎರಡು ನಿಮಿಷ ಮೌನ ಎಂದು ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚಾಗಿದೆ. ಹೊತ್ತು ನೋಡಿ ಗಂಟೆ ಬಾರಿಸುವ ಕೆಲಸ ನನಗೇ ಕೊಟ್ಟಿದ್ದಾರೆ. ಗಂಟೆ ಇಲ್ಲೇ ಮೇಜಿನ ಮೇಲಿದೆ. ನಾನು ಅದನ್ನು ಮುಟ್ಟುವುದಿಲ್ಲ. ಭಾವನವರೇ, ನೀವು ಕೂತಾಗ ನಾವು ಕೂರುತ್ತೇವೆ. ಅಲ್ಲಿಯ ತನಕ ಯಾರೂ ಗಡಿಯಾರ ನೋಡಬೇಡಿ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ.